ಮರಳಿಸುವ ಸರಕೂ ಅಚೌರ್ಯಾಣುವ್ರತವೂ

ಅಚೌರ್ಯಾಣುವ್ರತದ ಮಾತು ಬಂದಾಗ ಶ್ರಾವಕರ ದೃಷ್ಟಿ ಮೊದಲು ಅಂಗಡಿಯ ತಕ್ಕಡಿಯತ್ತ ಹರಿಯುತ್ತದೆ. ತೂಕದಲ್ಲಿ ಮೋಸ, ಕಲಬೆರಕೆ, ಕಳವಿನ ಮಾಲಿನ ಖರೀದಿ ಇವೆಲ್ಲ ವರ್ತಕನ ದೋಷಗಳೆಂದು ಭಾವಿಸುವುದು ರೂಢಿ. ಕೊಳ್ಳುವ ಗಿರಾಕಿಗೂ ಈ ವ್ರತ ಅಷ್ಟೇ ಅನ್ವಯಿಸುತ್ತದೆಂಬುದು ಮರೆತುಹೋಗುತ್ತಿದೆ.

ಹೀಗೊಂದು ಸಂದರ್ಭವನ್ನು ಪರಿಭಾವಿಸಬಹುದು. ಒಂದು ಮನೆಯ ಮಿಕ್ಸಿ ಹಲವು ವರ್ಷ ದುಡಿದು ಸುಟ್ಟುಹೋಗಿದೆ; ವಾರಂಟಿಯ ಅವಧಿಯೂ ಮುಗಿದಿದೆ. ಮನೆಯ ಮಗ ಅದೇ ಮಾದರಿಯ ಹೊಸದನ್ನು ಕೊಂಡು, ಅದರ ಪೆಟ್ಟಿಗೆಯಲ್ಲಿ ಹಳೆಯದನ್ನು ಒರೆಸಿಟ್ಟು, ಮರುದಿನ ‘ಕೆಟ್ಟ ಮಾಲು ಕೊಟ್ಟಿದ್ದೀರಿ’ ಎಂದು ಹಣ ಹಿಂದಕ್ಕೆ ಪಡೆಯುತ್ತಾನೆ. ಮನೆಯವರು ಅವನ ಜಾಣತನಕ್ಕೆ ನಗುತ್ತಾರೆ. ಕನ್ನ ಹಾಕಿಲ್ಲ, ಜೇಬು ಕತ್ತರಿಸಿಲ್ಲ. ಇದು ಕಳವು ಹೇಗಾದೀತು ಎಂದು ಕೇಳುವವರಿದ್ದಾರೆ.

ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ 5 ಅತಿಚಾರಗಳು ಹೇಳಲ್ಪಟ್ಟಿವೆ. ಕೊನೆಯದು ಪ್ರತಿರೂಪಕ ವ್ಯವಹಾರ. ಕೃತಕ ಚಿನ್ನವೇ ಮೊದಲಾದವುಗಳಿಂದ ವಂಚಿಸಿ ನಡೆಸುವ ವ್ಯವಹಾರವೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸಿದ್ದಾರೆ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಕೊಡುವುದೇ ಇದರ ತಿರುಳು. ಹಾಗೆ ಕೊಡುವವನು ವರ್ತಕನಾದರೇನು, ಗಿರಾಕಿಯಾದರೇನು? ಹೊಸದೆಂದು ಹಳೆಯದನ್ನು ಕೊಟ್ಟವನು ಈ ದೋಷಕ್ಕೆ ಒಳಗಾದನು. ಸುಳ್ಳು ನುಡಿದು ಸತ್ಯಾಣುವ್ರತವನ್ನೂ ಕೆಡಿಸಿಕೊಂಡನು.

ಅಂಗಡಿಯವನು ತಾನಾಗಿಯೇ ಹಣ ಕೊಟ್ಟನಲ್ಲ ಎಂಬ ವಾದವೂ ನಿಲ್ಲದು. ಅವನು ಕೊಟ್ಟದ್ದು ತನ್ನಿಂದ ಹೋದ ಕೆಟ್ಟ ಯಂತ್ರಕ್ಕೆಂದು ನಂಬಿ. ಸುಳ್ಳಿನಿಂದ ಪಡೆದ ಸಮ್ಮತಿ ಸಮ್ಮತಿಯಲ್ಲ. ಆದುದರಿಂದ ಆ ಹಣ ಅದತ್ತವೇ. ಕಂಪನಿ ದೊಡ್ಡದು, ಅದಕ್ಕೇನು ನಷ್ಟ ಎನ್ನುವವರು ಒಂದನ್ನು ಗಮನಿಸಬೇಕು. ಯಂತ್ರದ ಕ್ರಮಸಂಖ್ಯೆ ಬಿಲ್ಲಿಗೆ ಹೊಂದದಿದ್ದರೆ ಕಂಪನಿ ಅದನ್ನು ಒಪ್ಪದೆ ಹೋಗಬಹುದು. ಆಗ ನಷ್ಟ ಸಣ್ಣ ಅಂಗಡಿಯವನ ತಲೆಗೇ ಬರುತ್ತದೆ. ಮುಂದೆ ನಿಜವಾಗಿ ಕೆಟ್ಟ ಮಾಲು ತರುವ ಸಜ್ಜನನನ್ನೂ ಅವನು ಸಂಶಯದಿಂದ ನೋಡುತ್ತಾನೆ.

ದೋಷವುಳ್ಳ ಸರಕನ್ನು ಮರಳಿಸುವುದು ತಪ್ಪಲ್ಲ. ಬಿಲ್ಲಿನಲ್ಲಿ ನಮೂದಿಸಿದ ಅವಧಿಯೊಳಗೆ, ಅಂತಹ ನಮೂದು ಇಲ್ಲದಿದ್ದರೆ 30 ದಿನಗಳೊಳಗೆ, ಅದನ್ನು ಹಿಂಪಡೆದು ಹಣ ಕೊಡಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ನಿರಾಕರಿಸುವ ವರ್ತಕನೂ ಧರ್ಮಕ್ಕೆ ದೂರನೇ. ಆದರೆ ಒಬ್ಬ ವರ್ತಕನ ಅನ್ಯಾಯವು ಮತ್ತೊಬ್ಬನನ್ನು ವಂಚಿಸಲು ಅಪ್ಪಣೆಯಾಗದು.

ವ್ರತವನ್ನು ಉಳಿಸಿಕೊಳ್ಳುವ ಅಪೇಕ್ಷೆಯಿದ್ದೂ ಅದರ ಒಂದಂಶ ಕೆಟ್ಟರೆ ಅತಿಚಾರ. ಅಪೇಕ್ಷೆಯೇ ಇಲ್ಲದೆ ಮುರಿದರೆ ಅನಾಚಾರ. ‘ಇದು ವ್ಯವಹಾರ, ಕಳವಲ್ಲ’ ಎಂಬ ಭ್ರಮೆಯಲ್ಲಿ ನಡೆದದ್ದು ಅತಿಚಾರವೆನಿಸಿಕೊಂಡೀತು. ತಿಳಿದ ಮೇಲೂ ಹಣವನ್ನು ಇಟ್ಟುಕೊಂಡವನಿಗೆ ಆ ಆಸರೆ ಇಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಯಲ್ಲೂ ಪಾಪಬಂಧವುಂಟಾಗುವುದರಿಂದ ನಕ್ಕು ಮೆಚ್ಚಿದ ಮನೆಯವರೂ ಪಾಲುದಾರರೇ.

ಹಾಗಾದರೆ ಪರಿಹಾರವೇನು? ಆ ಹಣವನ್ನು ಬಸದಿಯ ಹುಂಡಿಗೆ ಹಾಕಿದರೆ ಋಣ ತೀರದು. ಅದು ಅಂಗಡಿಯವನ ಸೊತ್ತು, ದಾನಮಾಡುವ ಅಧಿಕಾರ ಅದನ್ನಿಟ್ಟುಕೊಂಡವನಿಗಿಲ್ಲ. ಮೊದಲು ಅಂಗಡಿಗೆ ಹೋಗಿ ನಿಜವನ್ನು ನುಡಿದು ಹಣವನ್ನು ಒಪ್ಪಿಸಬೇಕು. ನಾಚಿಕೆಯಾಗುವುದು ಸಹಜ, ಮಗನ ಜೊತೆಗೆ ತಂದೆಯೂ ಹೋದರೆ ಆ ಭಾರ ಹಗುರವಾಗುತ್ತದೆ. ಅನಂತರ ಜಿನಬಿಂಬದ ಮುಂದೆ ಮಾಡುವ ಆಲೋಚನೆ, ಪ್ರತಿಕ್ರಮಣಗಳು ಸಾರ್ಥಕವಾಗುತ್ತವೆ.