ನಮ್ಮ ನೀರು, ಪರರ ಪಂಕ್ತಿ

ತನ್ನದೇ ಆದ ವಸ್ತುವನ್ನು ಒಬ್ಬನು ಕದಿಯಬಲ್ಲನೆ? ಕೇಳಿದೊಡನೆ ಈ ಪ್ರಶ್ನೆ ಹುರುಳಿಲ್ಲದುದೆಂದು ತೋರುತ್ತದೆ. ಅದತ್ತವಾದುದನ್ನು, ಎಂದರೆ ಒಡೆಯನು ಕೊಡದಿರುವುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂದು ನಮ್ಮ ಆಚಾರ್ಯರು ನಿರೂಪಿಸಿದ್ದಾರೆ. ನಮ್ಮ ಮನೆಯಲ್ಲಿ ಸೋಸಿ, ನಮ್ಮ ಒಲೆಯ ಮೇಲೆ ಕಾಸಿ, ನಮ್ಮ ಕೈಯಿಂದಲೇ ಹೊತ್ತೊಯ್ದ ನೀರನ್ನು ನಾವೇ ಕುಡಿದರೆ ಅಲ್ಲಿ ಅದತ್ತಾದಾನದ ಸೋಂಕಾದರೂ ಎಲ್ಲಿಂದ ಬಂದೀತು? ಕೆಲವು ವರ್ಷಗಳ ಹಿಂದೆ ವಿಹಾರನೌಕೆಯೊಂದರ ಭೋಜನಶಾಲೆಯಲ್ಲಿ ಕುಳಿತು ನಾನು ನನಗೆ ಹೀಗೆಯೇ ಸಮಾಧಾನ ಹೇಳಿಕೊಂಡಿದ್ದೆನು. ಆ ಸಮಾಧಾನ ಒಂದು ರಾತ್ರಿಯ ಮಟ್ಟಿಗೂ ಉಳಿಯಲಿಲ್ಲ. ಅದು ಏಕೆ ಉಳಿಯಲಿಲ್ಲವೆಂಬುದನ್ನು ಶ್ರಾವಕ ಬಂಧುಗಳೊಡನೆ ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ವಿಹಾರನೌಕೆಯೆಂದರೆ ಒಂದು ಊರಿನಿಂದ ಮತ್ತೊಂದು ಊರನ್ನು ಸೇರಿಸುವ ಹಡಗಲ್ಲ. ಕೆಲವು ದಿನ ಕಡಲಿನಲ್ಲಿ ಸುತ್ತಿ, ಬಹುಮಟ್ಟಿಗೆ ಹೊರಟ ಬಂದರಿಗೇ ಮರಳುವ, ತೇಲುವ ವಸತಿಗೃಹ. ಇದು ಪಶ್ಚಿಮದವರಿಗಷ್ಟೇ ಸೇರಿದ ಸಂಗತಿಯಾಗಿ ಈಗ ಉಳಿದಿಲ್ಲ. 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯ ಸಂಸ್ಥೆಯ ಹಡಗು ಮುಂಬಯಿಯಿಂದ ಸಂಚಾರ ಆರಂಭಿಸಿದ ಮೇಲೆ ನಮ್ಮ ಸಮಾಜದ ಕುಟುಂಬಗಳೂ ಇಂಥ ಪಯಣಗಳಿಗೆ ಹೊರಡುತ್ತಿವೆ. ಜೈನ ಆಹಾರವೂ ದೊರೆಯುವುದೆಂಬ ಪ್ರಕಟಣೆ ಅನೇಕರ ಸಂಕೋಚವನ್ನು ಕಳೆದಿದೆ.

ಈ ಹಡಗುಗಳಲ್ಲಿ ಕೊಠಡಿ, ಊಟ, ಕುಡಿಯುವ ನೀರು ಸಾಮಾನ್ಯವಾಗಿ ಟಿಕೆಟ್ಟಿನ ಬೆಲೆಯಲ್ಲಿಯೇ ಸೇರಿರುತ್ತವೆ. ಮದ್ಯಕ್ಕೂ ಸೋಡಾ ಮುಂತಾದ ಪಾನೀಯಗಳಿಗೂ ಅನೇಕ ಕಡೆ ಬೇರೆ ಹಣ ತೆರಬೇಕು. ಕಂಪನಿಗಳ ಲಾಭದ ಒಂದು ಬೇರು ಇಲ್ಲಿದೆ. ಜಗತ್ತಿನ ಅತಿ ದೊಡ್ಡ ಎರಡು ನೌಕಾಸಮೂಹಗಳ 2023ರ ಆದಾಯದಲ್ಲಿ ಸುಮಾರು ಮೂರನೆಯ ಒಂದು ಭಾಗ ಟಿಕೆಟ್ಟಿನಿಂದಲ್ಲದೆ ಪಾನೀಯ, ಜೂಜು, ದಡದ ಪ್ರವಾಸ ಮುಂತಾದ ಇತರ ಬಾಬುಗಳಿಂದ ಬಂದುದು. ಆದುದರಿಂದಲೇ ಪ್ರಯಾಣಿಕರು ಹೊರಗಿನಿಂದ ಪಾನೀಯ ತರುವುದಕ್ಕೆ ಕಟ್ಟುಪಾಡುಗಳಿವೆ. ಅಮೆರಿಕೆಯ ಅನೇಕ ಕಂಪನಿಗಳು ಹಡಗು ಹತ್ತುವಾಗ ವಯಸ್ಕನೊಬ್ಬನಿಗೆ 750 ಮಿಲಿಲೀಟರಿನ ಒಂದು ಬಾಟಲಿ ದ್ರಾಕ್ಷಾಮದ್ಯವನ್ನು ತರಲು ಬಿಡುತ್ತವೆ. ಅದನ್ನು ಭೋಜನಶಾಲೆಗೆ ಒಯ್ದರೆ ಮಾತ್ರ ಬಾಟಲಿಯೊಂದಕ್ಕೆ ಹದಿನೈದು ಡಾಲರಿನ ಆಸುಪಾಸಿನಲ್ಲಿ ‘ಕಾರ್ಕೇಜ್’ ಎಂಬ ಶುಲ್ಕ ವಿಧಿಸುವುದುಂಟು. ಇದನ್ನು ಬಿರಡೆ ತೆಗೆಯುವ ಶುಲ್ಕವೆನ್ನಬಹುದು. ನೀರಿನ ಬಾಟಲಿಯೂ ಈ ಕಟ್ಟುಪಾಡಿಗೆ ಒಳಗಾಗಿದೆ. 2015ರ ಜುಲೈಯಲ್ಲಿ ಕಾರ್ನಿವಲ್ ಸಂಸ್ಥೆಯು ಪ್ರಯಾಣಿಕರು ನೀರನ್ನೂ ಇತರ ಪಾನೀಯಗಳನ್ನೂ ಬಾಟಲಿಗಳಲ್ಲಿ ತರುವುದನ್ನು ನಿಲ್ಲಿಸಿ, ಡಬ್ಬಿ ಮತ್ತು ರಟ್ಟಿನ ಪೊಟ್ಟಣಗಳನ್ನು ಮಾತ್ರ ಮಿತಿಯಲ್ಲಿ ಅನುಮತಿಸಿತು. ನೀರಿನ ಬಾಟಲಿಯಲ್ಲಿ ಮದ್ಯವನ್ನು ತುಂಬಿ ತರುವವರು ಹೆಚ್ಚಿದುದೇ ಅದಕ್ಕೊಂದು ಕಾರಣ. ಬಾಯಿ ಮುಕ್ಕಳಿಸುವ ಔಷಧದ ಸೀಸೆಯಲ್ಲಿ ಬಣ್ಣ ಬೆರೆಸಿದ ಮದ್ಯ ತುಂಬುವವರೂ ಉಂಟು. ಕಳ್ಳರ ದೆಸೆಯಿಂದ ಸಾಧುಗಳ ಚೀಲವನ್ನೂ ಶೋಧಿಸಬೇಕಾಯಿತು.

ಇನ್ನು ನನ್ನ ಅನುಭವ. 2019ರ ಜೂನ್ ತಿಂಗಳಿನಲ್ಲಿ ಅಮೆರಿಕೆಯಲ್ಲಿರುವ ಮಗನು ನಮ್ಮಿಬ್ಬರನ್ನೂ ಫ್ಲಾರಿಡಾದ ಬಂದರೊಂದರಿಂದ ಬಹಾಮಾ ದ್ವೀಪಗಳಿಗೆ ಹೋಗಿ ಬರುವ ನಾಲ್ಕು ರಾತ್ರಿಗಳ ಪಯಣಕ್ಕೆ ಕರೆದೊಯ್ದನು. ನನ್ನ ಧರ್ಮಪತ್ನಿಗೆ ಎರಡು ನಿಯಮಗಳುಂಟು. ಸೂರ್ಯಾಸ್ತದ ಮೇಲೆ ಆಹಾರವಿಲ್ಲ. ಕಾಸಿ ಆರಿಸಿದ ನೀರಲ್ಲದೆ ಬೇರೆ ನೀರಿಲ್ಲ. ಮೊದಲನೆಯದಕ್ಕೆ ತೊಡಕಾಗಲಿಲ್ಲ. ಹಡಗಿನಲ್ಲಿ ರಾತ್ರಿಯ ಊಟಕ್ಕೆ ಎರಡು ಪಂಕ್ತಿಗಳಿದ್ದವು. ಮೊದಲನೆಯದು ಆರು ಗಂಟೆಗೆ. ಆ ಕಡಲಿನಲ್ಲಿ ಜೂನ್ ತಿಂಗಳ ಸೂರ್ಯ ಮುಳುಗುವುದು ಎಂಟರ ಹೊತ್ತಿಗೆ. ಎರಡನೆಯ ನಿಯಮಕ್ಕೆ ಮಾತ್ರ ನಾವು ಹಡಗಿನವರನ್ನು ಕೇಳುವ ಗೋಜಿಗೇ ಹೋಗಲಿಲ್ಲ. ಕೇಳಿದರೆ ಇಲ್ಲವೆಂದಾರು ಎಂದು ನಾವೇ ತೀರ್ಮಾನಿಸಿದೆವು. ಮಗನ ಮನೆಯಲ್ಲಿ ನೀರು ಕಾಸಿ ಎರಡು ಸ್ಟೀಲ್ ಬಾಟಲಿಗಳಲ್ಲಿ ತುಂಬಿ, ಸೀರೆಗಳ ನಡುವೆ ಸುತ್ತಿಟ್ಟೆವು. ಬಂದರಿನ ಬಾಗಿಲಲ್ಲಿ, “ಪಾನೀಯಗಳೇನಾದರೂ ಉಂಟೆ?” ಎಂದು ಕೇಳಿದರು. “ಏನೂ ಇಲ್ಲ” ಎಂದು ಉತ್ತರ ಕೊಟ್ಟವನು ನಾನೇ.

ಅಂದು ಸಂಜೆ ನಮ್ಮ ಮೇಜಿನಲ್ಲಿ ವೃದ್ಧ ಅಮೆರಿಕನ್ ದಂಪತಿಗಳಿದ್ದರು. ತಾವು ತಂದಿದ್ದ ದ್ರಾಕ್ಷಾಮದ್ಯದ ಬಾಟಲಿಯನ್ನು ಅವರು ಬಡಿಸುವ ಯುವಕನ ಕೈಗೆ ಕೊಟ್ಟರು. ಅವನು ಬಿರಡೆ ತೆಗೆದು, ಲೋಟಗಳಿಗೆ ಸುರಿದು, ಚೀಟಿಯನ್ನು ಮುಂದಿಟ್ಟನು. ಹಿರಿಯರು ರುಜು ಹಾಕಿದರು. ಒಂಬತ್ತು ವರ್ಷದ ನನ್ನ ಮೊಮ್ಮಗ ಸುಮ್ಮನಿರದೆ, “ನಿಮ್ಮದೇ ಬಾಟಲಿಗೆ ನೀವೇಕೆ ಹಣ ಕೊಡುತ್ತೀರಿ?” ಎಂದು ಕೇಳಿದನು. ಅವರು ನಕ್ಕು, “ಕೊಠಡಿಯಲ್ಲಿ ಕುಡಿದಿದ್ದರೆ ಕೊಡಬೇಕಾಗಿರಲಿಲ್ಲ. ಇಲ್ಲಿ ಮೇಜು ಇವರದು, ಲೋಟ ಇವರದು, ತೊಳೆಯುವ ಕೈಯೂ ಇವರದು” ಎಂದರು.

ಅದೇ ಹೊತ್ತಿಗೆ ನನ್ನ ಪತ್ನಿ ಮೇಜಿನ ಮರೆಯಲ್ಲಿ ಸ್ಟೀಲ್ ಬಾಟಲಿಯಿಂದ ನೀರು ಬಗ್ಗಿಸಿಕೊಳ್ಳುತ್ತಿದ್ದುದು ಆ ಯುವಕನ ಕಣ್ಣಿಗೆ ಬಿತ್ತು. ಅವನು ವಿನಯದಿಂದಲೇ ಅದೇನೆಂದು ವಿಚಾರಿಸಿದನು. “ಔಷಧಿ” ಎಂದೆನು. ಅವನು ಕ್ಷಮೆ ಕೇಳಿ ಸರಿದು ಹೋದನು. ಮೊಮ್ಮಗ ಗಾಬರಿಯಿಂದ ನನ್ನ ತೋಳು ಹಿಡಿದು, “ಅಜ್ಜ, ಅಜ್ಜಿಗೆ ಏನಾಗಿದೆ?” ಎಂದು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ಪತ್ನಿ ಲೋಟವನ್ನು ಕೆಳಗಿಟ್ಟಳು; ಆಮೇಲೆ ಅದನ್ನು ಮುಟ್ಟಲಿಲ್ಲ.

ಕೊಠಡಿಗೆ ಬಂದ ಮೇಲೆ ಅವಳು ಹೇಳಿದ ಮಾತು ಇಷ್ಟೇ: “ಬೆಳಿಗ್ಗೆ ಕಾಸಿದ ನೀರು ಇದು. ನಾಳೆ ಬೆಳಿಗ್ಗೆಗೆ ಇದರ ಮರ್ಯಾದೆ ಮುಗಿಯುತ್ತದೆ. ಆಮೇಲೆ ಏನು ಮಾಡುತ್ತೀರಿ?” ಚೆನ್ನಾಗಿ ಕುದಿಸಿದ ನೀರಿಗೆ ನಮ್ಮ ಸಂಪ್ರದಾಯದಲ್ಲಿ 24 ಗಂಟೆಗಳ ಮರ್ಯಾದೆ. ನಾಲ್ಕು ರಾತ್ರಿಗಳ ಪಯಣಕ್ಕೆ ಎರಡು ಬಾಟಲಿ ನೀರನ್ನು ಬಚ್ಚಿಟ್ಟು ತಂದ ನನಗೆ, ಆ ನೀರು ಎರಡನೆಯ ದಿನವೇ ವ್ರತಕ್ಕೆ ಒದಗದೆಂಬ ಮೊದಲ ಪಾಠವೇ ಮರೆತುಹೋಗಿತ್ತು. ನೀರಿನ ಮರ್ಯಾದೆ ಮುಗಿಯಲು ಇನ್ನೂ ಕೆಲವು ಗಂಟೆಗಳಿದ್ದವು. ನನ್ನದು ಊಟದ ಮೇಜಿನಲ್ಲಿಯೇ ಮುಗಿದಿತ್ತು.

ಮರುದಿನ ಬೆಳಿಗ್ಗೆ ನಾವಿಬ್ಬರೂ ಭೋಜನಶಾಲೆಯ ಮುಖ್ಯಸ್ಥರ ಬಳಿಗೆ ಹೋಗಿ ನಮ್ಮ ನಿಯಮವನ್ನು ವಿವರಿಸಿದೆವು. ಅವರು ಬರೆದುಕೊಂಡರು. ಟಿಕೆಟ್ಟು ಕೊಳ್ಳುವಾಗಲೇ ತಿಳಿಸಿದ್ದರೆ ಮೊದಲ ದಿನದಿಂದಲೇ ವ್ಯವಸ್ಥೆಯಾಗುತ್ತಿತ್ತೆಂದರು. ಅಂದಿನಿಂದ ದಿನವೂ ಬೆಳಿಗ್ಗೆ ಕುದಿಸಿದ ನೀರು ಒಂದು ಪಾತ್ರೆಯಲ್ಲಿ ಬಂದಿತು, ಹಣ ಕೇಳಲಿಲ್ಲ. ಬಡಿಸುವ ಯುವಕನಿಗೆ ನಾನು ನಿಜ ಹೇಳಿದೆನು. “ಅಮ್ಮನವರು ಆರೋಗ್ಯವಾಗಿದ್ದಾರಲ್ಲ, ಅಷ್ಟು ಸಾಕು” ಎಂದನು ಅವನು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ನೀರು ನಮ್ಮದು, ನಿಜ. ಆದರೆ ಆ ಮೇಜಿನಲ್ಲಿ ನಮಗೆ ಕೊಡದಿದ್ದ ವಸ್ತುವೊಂದಿತ್ತು, ಅದು ಅನುಮತಿ. ಟಿಕೆಟ್ಟು ಕೊಳ್ಳುವಾಗ ಕೆಲವು ಕಟ್ಟುಪಾಡುಗಳಿಗೆ ಒಪ್ಪಿ ನಾವು ಆ ಪಂಕ್ತಿಯಲ್ಲಿ ಕುಳಿತುಕೊಳ್ಳುವ ಹಕ್ಕನ್ನು ಪಡೆದಿದ್ದೆವು. ಒಪ್ಪಿದ ಮಾತನ್ನು ಗುಟ್ಟಾಗಿ ಮೀರಿ, ಹಕ್ಕನ್ನು ಮಾತ್ರ ಉಳಿಸಿಕೊಂಡೆವು. ಅದತ್ತವನ್ನು ತೆಗೆದುಕೊಂಡುದು ಅಲ್ಲಿ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಅತಿಚಾರಗಳನ್ನು ಹೇಳುವಾಗ ಉಮಾಸ್ವಾಮಿಗಳು ವಿರುದ್ಧರಾಜ್ಯಾತಿಕ್ರಮವನ್ನು ಸೇರಿಸಿದ್ದಾರೆ. ರಾಜ್ಯದ ಕಟ್ಟಳೆಯನ್ನು ತಪ್ಪಿಸಿ ಸರಕು ಸಾಗಿಸುವವನು ಪರರ ಪೆಟ್ಟಿಗೆಗೆ ಕೈ ಹಾಕದಿದ್ದರೂ ಅವನ ವ್ರತಕ್ಕೆ ಕಲೆ ಹತ್ತುತ್ತದೆ. ನೌಕೆಯ ಕಂಪನಿ ರಾಜ್ಯವಲ್ಲ. ಆ ಹೆಸರನ್ನು ಇಲ್ಲಿಗೆ ಎಳೆದು ತರುವುದು ನನ್ನ ಇಷ್ಟವಲ್ಲ. ಆದರೆ ಸುಂಕದ ಕಟ್ಟೆಯಲ್ಲಿ ಸರಕು ಬಚ್ಚಿಡುವವನ ಮನಸ್ಸೂ ಸೀರೆಯ ನಡುವೆ ಬಾಟಲಿ ಬಚ್ಚಿಟ್ಟ ನನ್ನ ಮನಸ್ಸೂ ಬೇರೆ ಬೇರೆಯಾಗಿದ್ದುವೆಂದು ಹೇಳಲು ನನಗೆ ಧೈರ್ಯವಿಲ್ಲ.

ಇದಕ್ಕೆ ಆಕ್ಷೇಪಗಳು ಬಾರದಿರವು. “ಆ ಕಟ್ಟುಪಾಡು ಲೋಭದಿಂದ ಹುಟ್ಟಿದುದು, ಲೋಭಿಯ ಕಟ್ಟುಪಾಡಿಗೆ ನಾವೇಕೆ ತಲೆಬಾಗಬೇಕು?” ಎನ್ನುವವರಿದ್ದಾರೆ. ಲಾಭದ ಆಸೆ ಅಲ್ಲಿಲ್ಲವೆಂದು ನಾನು ಹೇಳಲಾರೆ. ಆದರೆ ಅನ್ಯಾಯವೆನಿಸಿದ ಷರತ್ತಿಗೆ ಗೃಹಸ್ಥನ ಮುಂದೆ ಎರಡು ನೇರ ದಾರಿಗಳಿವೆ. ಒಪ್ಪದಿರುವುದು ಒಂದು, ಎದುರಿಗೆ ಹೇಳುವುದು ಇನ್ನೊಂದು. ಒಪ್ಪಿದಂತೆ ನಟಿಸುವುದು ಮೂರನೆಯ ದಾರಿ, ಮಾಯಾಕಷಾಯದ ದಾರಿ. ಅಲ್ಲದೆ ಕಟ್ಟುಪಾಡನ್ನು ತಪ್ಪಿಸಿದಾಗ ನಷ್ಟ ತಟ್ಟುವುದು ಕಂಪನಿಯ ಒಡೆಯನಿಗಷ್ಟೇ ಅಲ್ಲ. ಅಮೆರಿಕೆಯ ಅನೇಕ ಹಡಗುಗಳಲ್ಲಿ ಪಾನೀಯದ ಬಿಲ್ಲಿನ ಮೇಲೆ ನೂರಕ್ಕೆ 18ರಿಂದ 20ರಷ್ಟು ಸೇವಾಶುಲ್ಕ ಸೇರಿರುತ್ತದೆ. ಬಡಿಸುವವರು ಅಂಥ ಹಣವನ್ನು ನೆಚ್ಚಿ ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿಯುವವರು. ಫಿಲಿಪ್ಪೀನ್ಸ್, ಇಂಡೋನೇಷ್ಯಾ ದೇಶದವರೊಡನೆ ಗೋವೆಯವರೂ ಅವರಲ್ಲಿದ್ದಾರೆ. ಮದ್ಯ ಕುಡಿಯದ ನಾವು ಆ ಹಣವನ್ನು ಕೊಡಬೇಕಾಗಿಲ್ಲ. ಆದರೆ ಅವರನ್ನು ಕಾವಲುಗಾರರೆಂದು ಬಗೆದು ಅವರ ಕಣ್ಣು ತಪ್ಪಿಸುವುದು ಅವರ ದುಡಿಮೆಗೆ ಮಾಡುವ ಅವಮಾನ.

“ಅವರು ಮದ್ಯ ಮಾರುವವರು; ಅಂಥವರ ಮುಂದೆ ಸಣ್ಣದೊಂದು ಸುಳ್ಳು ಹೇಳಿದರೆ ದೋಷವೇನು?” ಎಂಬ ಇನ್ನೊಂದು ವಾದವನ್ನೂ ಕೇಳಿದ್ದೇನೆ. ಇದನ್ನು ಕೊನೆಯವರೆಗೆ ಎಳೆದು ನೋಡಬೇಕು. ಕುಡಿಯುವವರು ತೆತ್ತ ಹಣವಿರುವುದರಿಂದಲೇ ಕುಡಿಯದ ನಮಗೆ ಟಿಕೆಟ್ಟು ಅಗ್ಗವಾಗಿ ದೊರೆಯುತ್ತಿದೆ. ಕೃತ, ಕಾರಿತ, ಅನುಮೋದನೆಗಳ ಲೆಕ್ಕವನ್ನು ಬಲ್ಲ ಶ್ರಾವಕನು ಇದನ್ನು ಅರಿತು ಅಂಥ ಪಯಣವನ್ನೇ ತ್ಯಜಿಸಿದರೆ ಅವನಿಗೆ ನಾನು ಕೈಮುಗಿಯುತ್ತೇನೆ. ಆದರೆ ಮದ್ಯದ ಲಾಭದಿಂದ ಅಗ್ಗವಾದ ಟಿಕೆಟ್ಟನ್ನು ಸಂಕೋಚವಿಲ್ಲದೆ ಕೊಂಡು, ಬಾಗಿಲಲ್ಲಿ ಸುಳ್ಳು ಹೇಳುವಾಗ ಮಾತ್ರ ಅವರ ಮದ್ಯವನ್ನು ನೆನೆಯುವುದು ಧರ್ಮವಲ್ಲ, ಅನುಕೂಲ.

ನಮ್ಮ ತೀರ್ಥಕ್ಷೇತ್ರಗಳನ್ನೇ ನೋಡೋಣ. ನಮ್ಮ ಯಾತ್ರಿನಿವಾಸಗಳಿಗೆ ಮದ್ಯಮಾಂಸಗಳನ್ನು ತರಕೂಡದೆಂಬ ಕಟ್ಟುಪಾಡಿದೆ. ಭೋಜನಶಾಲೆಗಳಲ್ಲಿ ಗೆಡ್ಡೆಗೆಣಸು, ಈರುಳ್ಳಿ, ಬೆಳ್ಳುಳ್ಳಿಗಳಿಗೆ ಎಡೆಯಿಲ್ಲ. ಅನ್ಯಮತದ ಯಾತ್ರಿಕನೊಬ್ಬನು ತನಗೆ ನಿರ್ದೋಷವೆಂದು ತೋರುವ ಆಹಾರವನ್ನು ಬಟ್ಟೆಯಲ್ಲಿ ಸುತ್ತಿ ತಂದು, “ನನ್ನದನ್ನು ನಾನು ತಿಂದರೆ ನಿಮಗೇನು?” ಎಂದರೆ ಟ್ರಸ್ಟಿನ ಪದಾಧಿಕಾರಿಗಳು ಸುಮ್ಮನಿರುವರೆ? ಅವನು ನಿಯಮದ ಕಾರಣವನ್ನು ಒಪ್ಪಲಿ, ಒಪ್ಪದಿರಲಿ, ಸ್ಥಳದ ಮರ್ಯಾದೆಯನ್ನು ಉಳಿಸಬೇಕೆಂದು ನಾವು ಬಯಸುತ್ತೇವೆ. ನಮ್ಮ ನಿಯಮ ಅಹಿಂಸೆಯಿಂದ ಹುಟ್ಟಿದುದು, ಅವರದು ವ್ಯಾಪಾರದಿಂದ ಹುಟ್ಟಿದುದು ಎಂಬ ಅಂತರ ದೊಡ್ಡದೇ. ಅದಾದರೂ ಅತಿಥಿಯಾಗಿ ಒಪ್ಪಿ ಹೋದವನು ಮಾತು ತಪ್ಪುವುದಕ್ಕೆ ಆ ಅಂತರ ರಹದಾರಿಯಾಗಲಾರದು.

ಇಷ್ಟೆಲ್ಲ ಹೇಳಿದರೂ ನನ್ನನ್ನು ಹೆಚ್ಚಾಗಿ ಕಾಡುವುದು ಕಂಪನಿಗೆ ಆದ ನಷ್ಟವಲ್ಲ. ಅದು ಎರಡು ಬಾಟಲಿ ನೀರಿನಷ್ಟೂ ಇರಲಾರದು. ಕಾಡುವುದು ಆ ಮಗುವಿನ ಪ್ರಶ್ನೆ. ಪರದೇಶದಲ್ಲಿ ಹುಟ್ಟಿ ಬೆಳೆಯುತ್ತಿರುವ ಆ ಹುಡುಗನಿಗೆ ಅಜ್ಜಿಯ ವ್ರತವನ್ನು ಹತ್ತಿರದಿಂದ ಕಾಣುವ ಅವಕಾಶ ಅಂದು ಒದಗಿತ್ತು. ನೀರಿನಲ್ಲಿರುವ ಸೂಕ್ಷ್ಮ ಜೀವಗಳಿಗಾಗಿ ಒಬ್ಬ ವೃದ್ಧೆ ಜೀವನವಿಡೀ ಎಚ್ಚರದಿಂದಿರುವ ಸಂಗತಿಯನ್ನು ಆ ಮೇಜಿನಲ್ಲಿದ್ದ ಎಲ್ಲರಿಗೂ ಒಂದೇ ಮಾತಿನಲ್ಲಿ ತಿಳಿಸಬಹುದಾಗಿತ್ತು. ನಾನು ಅದಕ್ಕೆ ರೋಗದ ಹೆಸರಿಟ್ಟೆನು. ವ್ರತವೆಂದರೆ ಮೇಜಿನ ಕೆಳಗೆ ಅಡಗಿಸಬೇಕಾದ ವಸ್ತುವೆಂದು ಮಗುವಿಗೆ ಕಲಿಸಿದೆನು. ದ್ರಾಕ್ಷಾಮದ್ಯ ಕುಡಿದ ಆ ವೃದ್ಧರ ಆಚಾರವನ್ನು ನಾವು ಒಪ್ಪುವುದಿಲ್ಲ. ಆದರೆ ತಂದುದನ್ನು ಎದುರಿಗಿಟ್ಟು, ಕೊಡಬೇಕಾದುದನ್ನು ಕೊಟ್ಟ ಅವರ ನಡತೆಯಲ್ಲಿ ಆರ್ಜವವಿತ್ತು. ಅಂದು ಆ ಮಗುವಿಗೆ ದಶಧರ್ಮಗಳಲ್ಲಿ ಒಂದರ ಪಾಠ ದೊರೆತುದು ಅವರಿಂದ.

ಪ್ರಯಾಣ ಹೊರಡುವ ಕುಟುಂಬಗಳಿಗೂ, ಸಾಮೂಹಿಕ ಪ್ರವಾಸಗಳನ್ನು ಏರ್ಪಡಿಸುವ ಟ್ರಸ್ಟುಗಳಿಗೂ ನನ್ನ ವಿನಂತಿ ಇಷ್ಟೇ. ನಿಮ್ಮ ನಿಯಮಗಳನ್ನು ಟಿಕೆಟ್ಟು ಕೊಳ್ಳುವಾಗಲೇ ಬರೆದು ತಿಳಿಸಿರಿ. ಕುದಿಸಿದ ನೀರು, ಸೂರ್ಯಾಸ್ತದ ಮೊದಲಿನ ಪಂಕ್ತಿ, ಗೆಡ್ಡೆಗೆಣಸಿಲ್ಲದ ಅಡುಗೆ, ಇವು ಕೇಳಿ ಪಡೆಯಬಹುದಾದ ಸಂಗತಿಗಳು. ಬರಿದಾದ ಪಾತ್ರೆಯನ್ನು ಒಯ್ಯಿರಿ, ತುಂಬಿಸಿಕೊಡಿರೆಂದು ಕೇಳಿರಿ. ಶುಲ್ಕ ಕೇಳಿದರೆ, ವ್ರತಕ್ಕೆ ತೆತ್ತ ಬೆಲೆಯೆಂದು ಸಂತೋಷದಿಂದ ಕೊಡಿರಿ. ಕೊಡಲಾಗದೆಂದು ಅವರು ಹೇಳಿದರೆ ಪಯಣವನ್ನು ಬಿಡಿರಿ. ಕಡಲು ಕಾಣದೆ ಯಾವ ಶ್ರಾವಕನ ಜನ್ಮವೂ ವ್ಯರ್ಥವಾಗಿಲ್ಲ.

ಆ ಸ್ಟೀಲ್ ಬಾಟಲಿಗಳಲ್ಲಿ ಒಂದು ಈಗಲೂ ನಮ್ಮ ಮನೆಯಲ್ಲಿದೆ. ಪ್ರಯಾಣಕ್ಕೆ ಹೊರಟಾಗಲೆಲ್ಲ ಪತ್ನಿ ಅದನ್ನು ಚೀಲದ ಮೇಲ್ಭಾಗದಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ ಇಡುತ್ತಾಳೆ. ಯಾರಾದರೂ ಏನೆಂದು ಕೇಳಿದರೆ ಅವಳೇ ಉತ್ತರ ಹೇಳುತ್ತಾಳೆ, ನನಗೆ ಬಿಡುವುದಿಲ್ಲ.