ಬಿಡುವಿನ ವೇಳೆ ಯಾರದು?

ಸರಕಾರಿ ನೌಕರನಾದವನಿಗೆ ನಿಯಮಾವಳಿಯೇ ಒಂದು ಬಗೆಯ ಧರ್ಮಶಾಸ್ತ್ರ. ರಜೆ, ಭತ್ಯೆ, ಬಡ್ತಿ, ವರ್ಗಾವಣೆ ಎಲ್ಲಕ್ಕೂ ಅದರಲ್ಲೊಂದು ನಿಯಮ, ಆ ನಿಯಮಕ್ಕೊಂದು ಉಪನಿಯಮ. ಇಪ್ಪತ್ತು ವರ್ಷಗಳಿಂದ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕಾರಕೂನನಾಗಿರುವ ನಾನು ಆ ಪುಸ್ತಕವನ್ನು ಫೈಲುಗಳಿಗಾಗಿ ತೆರೆದದ್ದೇ ಹೊರತು ನನ್ನ ಸಲುವಾಗಿ ತೆರೆದದ್ದು ಕಡಿಮೆ. ಅದರೊಳಗಿನ ಒಂದು ನಿಯಮ ನನ್ನ ಮನೆಯ ಬಾಗಿಲು ತಟ್ಟಿ ನೀತಿಯ ಪ್ರಶ್ನೆಯೊಂದನ್ನು ಕೇಳೀತೆಂದು ಎಣಿಸಿಯೇ ಇರಲಿಲ್ಲ.

ನಡೆದದ್ದು ಇಷ್ಟು. ಮಧ್ಯಾಹ್ನ ಡಬಾ ಬಿಚ್ಚಿ ಕುಳಿತಾಗ ಸಹೋದ್ಯೋಗಿಯೊಬ್ಬರು, "ನಿಮ್ಮ ಮನೆಯವರು ಗೋಧಡಿ ಹೊಲಿದು ಮಾರುತ್ತಾರಂತಲ್ಲ, ಕಚೇರಿಗೆ ತಿಳಿಸಿದ್ದೀರಾ?" ಎಂದು ಕೇಳಿದರು. ಅವರ ಮಾತಿನಲ್ಲಿ ಕುಚೋದ್ಯವಿರಲಿಲ್ಲ. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಾವಳಿಯ 15ನೆಯ ನಿಯಮದಂತೆ ನೌಕರನ ಕುಟುಂಬದವರು ಯಾರಾದರೂ ವ್ಯಾಪಾರ-ವ್ಯವಹಾರದಲ್ಲಿ ತೊಡಗಿದ್ದರೆ ಅದನ್ನು ಸರಕಾರಕ್ಕೆ ತಿಳಿಸಬೇಕು. ನಾನು ನಕ್ಕು, "ವ್ಯಾಪಾರವೆಲ್ಲಿಯದು ಬಿಡಿ, ಬಿಡುವಿನ ವೇಳೆಯಲ್ಲಿ ನಾಲ್ಕು ಹೊಲಿಗೆ ಹಾಕುತ್ತಾಳೆ ಅಷ್ಟೆ" ಎಂದುಬಿಟ್ಟೆ.

ಅಂದು ಸಂಜೆ ಹಾರ್ಬರ್ ಲೈನಿನ ಗಾಡಿಯಲ್ಲಿ ನಿಂತು ಬರುವಾಗ, ಖಾರಘರ ಸ್ಟೇಷನ್ನು ಬರುವವರೆಗೂ ಆ ಮಾತು ನನ್ನನ್ನೇ ಚುಚ್ಚುತ್ತಿತ್ತು. ಬಿಡುವಿನ ವೇಳೆ! ಯಾವಾಗ ಇತ್ತು ಅವಳಿಗೆ ಬಿಡುವು?

ಉತ್ತರ ಕರ್ನಾಟಕದ ಕಡೆಯವರಿಗೆ ಕೌದಿ ಎಂದರೇನೆಂದು ಹೇಳಬೇಕಾಗಿಲ್ಲ. ಉಳಿದ ವಾಚಕರಿಗಾಗಿ ಎರಡು ಮಾತು. ಉಟ್ಟು ಮೆತ್ತಗಾದ ಹತ್ತಿಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಇಡೀ ಹಾಸಿಗೆಯ ತುಂಬ ಸಾಲುಸಾಲಾಗಿ ದಾರ ಓಡಿಸಿ ಹೊಲಿದದ್ದೇ ಕೌದಿ. ಮರಾಠಿಯಲ್ಲಿ ಇದೇ ಗೋಧಡಿ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವನಾದ್ದರಿಂದ ಇನ್ನೊಂದು ಮಾತು ಸೇರಿಸುತ್ತೇನೆ. ಕೌದಿ ಬೆಚ್ಚಗಿರುವುದು ಬರಿಯ ಬಟ್ಟೆಯಿಂದಲ್ಲ, ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಗಾಳಿ ಉಷ್ಣವನ್ನು ಸುಲಭವಾಗಿ ದಾಟಗೊಡುವುದಿಲ್ಲ. ಹೊಲಿಗೆ ತೀರ ಸಡಿಲಾದರೆ ಪದರಗಳು ಜರುಗುತ್ತವೆ. ತೀರ ಬಿಗಿಯಾದರೆ ಗಾಳಿಗೆ ಎಡೆಯಿಲ್ಲದೆ ಕೌದಿ ಹಲಗೆಯಾಗುತ್ತದೆ. ಈ ಹದ ನನ್ನ ಹೆಂಡತಿಗೆ ಅವಳ ಅಜ್ಜಿಯಿಂದ ಬಂದದ್ದು.

ಮೊದಲು ಅವಳು ಹೊಲಿದದ್ದು ತೀರಿಕೊಂಡ ತಾಯಿಯ ಸೀರೆಗಳನ್ನು, ತಂಗಿಗಾಗಿ. ಅದನ್ನು ಅರಿಶಿನ-ಕುಂಕುಮಕ್ಕೆ ಬಂದ ಹೆಂಗಸರು ನೋಡಿದರು. "ನಮ್ಮ ಅತ್ತೆಯವರ ಸೀರೆಗಳಿವೆ, ಹೊಲಿದುಕೊಡುತ್ತೀರಾ?" ಎಂದು ಒಬ್ಬರು ಕೇಳಿದರು. ಹೀಗೆ ಒಂದರ ಹಿಂದೆ ಒಂದು ಬಂದವು. ಮುಂಬಯಿಯ ಮನೆಗಳಲ್ಲಿ ಹಳೆಯ ಸೀರೆಗಳನ್ನು ಇಡಲು ಜಾಗವಿಲ್ಲ, ಬಿಸಾಡಲು ಮನಸ್ಸಿಲ್ಲ. ಅಂಥ ಮನಸ್ಸಿಗೆ ಕೌದಿಯೇ ಮದ್ದು.

ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ, ಒಂದು ಹೊರಕೋಣೆಯ ಮನೆ. ಅದರಲ್ಲಿ ಅವ್ವ, ಹನ್ನೆರಡನೆಯ ತರಗತಿಯ ಮಗ, ಒಂಬತ್ತನೆಯ ತರಗತಿಯ ಮಗಳು, ನಾವಿಬ್ಬರು. ಕೌದಿಯನ್ನು ನೆಲದ ಮೇಲೆ ಪೂರ್ತಿ ಹಾಸದೆ ಪದರ ಕೂರುವುದಿಲ್ಲ. ಆ ನೆಲ ಖಾಲಿಯಾಗುವುದು ಎಲ್ಲರ ಊಟ ಮುಗಿದು, ಅವ್ವನ ಟಿವಿ ಮುಗಿದು, ಮಗನ ಪುಸ್ತಕಗಳು ಎದ್ದ ಮೇಲೆ. ಅಂದರೆ ರಾತ್ರಿ ಹತ್ತರ ನಂತರ. ಮತ್ತೆ ಬೆಳಿಗ್ಗೆ ಐದೂವರೆಗೆ ಡಬಾಗಳಿಗಾಗಿ ಒಲೆ ಹಚ್ಚಬೇಕು.

ನಿಯಮದಂತೆ ತಿಳಿವಳಿಕೆ ಪತ್ರ ಬರೆಯಬೇಕೆಂದು ನಿಶ್ಚಯಿಸಿ, "ಒಂದು ಕೌದಿಗೆ ಎಷ್ಟು ಹೊತ್ತು ಹಿಡೀತದ?" ಎಂದು ಅವಳನ್ನು ಕೇಳಿದೆ. ಅವಳು ಬಾಯಿಂದ ಉತ್ತರಿಸಲಿಲ್ಲ. ಗೋಡೆಯ ಕಾಲನಿರ್ಣಯವನ್ನು ತೆಗೆದು ಮುಂದಿಟ್ಟಳು. ಹಾಲಿನ ಲೆಕ್ಕದ ಪಕ್ಕದಲ್ಲಿ ಸಣ್ಣ ಸಣ್ಣ ಗೀಟುಗಳು. ಒಂದು ಗೀಟೆಂದರೆ ಅರ್ಧ ಗಂಟೆ. ಹಿಂದಿನ ತಿಂಗಳ ಕೌದಿಗೆ 142 ಗೀಟು, ಎಂದರೆ 71 ಗಂಟೆ. ಅವುಗಳಲ್ಲಿ 88 ಗೀಟುಗಳ ಕೆಳಗೆ ಚುಕ್ಕೆಯಿತ್ತು. ಚುಕ್ಕೆ ಏನೆಂದು ಕೇಳಿದೆ. "ನೀವೆಲ್ಲಾ ಮಲಗಿದ ಮ್ಯಾಲಿಂದು" ಎಂದಳು. ನಲವತ್ತನಾಲ್ಕು ಗಂಟೆಗಳ ನಿದ್ರೆ ಆ ಕ್ಯಾಲೆಂಡರಿನಲ್ಲಿತ್ತು. ಅದೇ ಗೋಡೆಯ ಮೇಲೆ ದಿನವೂ ತಿಥಿ ನೋಡುವ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಆ ಕೌದಿಗೆ ಸಂದ ಹಣ 2,500 ರೂಪಾಯಿ. ದಾರ, ಅಸ್ತರು, ಸೂಜಿಯ ಖರ್ಚು 260. ಉಳಿದದ್ದನ್ನು 71ರಿಂದ ಭಾಗಿಸಿದರೆ ಗಂಟೆಗೆ ಸುಮಾರು 31 ರೂಪಾಯಿ. ಒಂದು ವಡಾಪಾವು, ಒಂದು ಕಟಿಂಗ್ ಚಹಾಕ್ಕೆ ಹೇಗೋ ಸರಿಹೋಗುವ ದುಡ್ಡು.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಅವಳು ಹೇಳಿದ ಬೆಲೆ 3,000 ಇತ್ತು. ಕೌದಿ ಒಯ್ಯಲು ಬಂದವರು ನಮ್ಮ ಕನ್ನಡದವರೇ, ಪರಿಚಿತರೇ. "ಸೀರೆ ನಮ್ಮವೇ ಅಲ್ಲವೇ, ಬರಿ ಹೊಲಿಗೆಗೆ ಇಷ್ಟೇ?" ಎಂದರು. ನಾನು ಕುರ್ಚಿಯಲ್ಲಿ ಕುಳಿತಲ್ಲಿಂದಲೇ, "ಹೋಗಲಿ ಬಿಡು, ನಮ್ಮವರೇ, ಐನೂರು ಕಡಿಮೆ ತೊಗೋ" ಎಂದೆ. ಅವರು ಸಂತೋಷದಿಂದ ಹೋದರು, ನಾನು ದೊಡ್ಡ ಮನುಷ್ಯನೆನಿಸಿಕೊಂಡೆ. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದಂತೆ, ನಾನು ಹದಿನಾರು ಗಂಟೆಗಳ ದಾನ ಮಾಡಿದ್ದೆ. ಅದರಲ್ಲಿ ಒಂದು ನಿಮಿಷವೂ ನನ್ನದಾಗಿರಲಿಲ್ಲ.

ಇದಕ್ಕೆ ಸಾಮಾನ್ಯವಾಗಿ ಎರಡು ಸಮಾಧಾನಗಳನ್ನು ಹೇಳುವುದುಂಟು. ಎರಡನ್ನೂ ನಾನೇ ಹೇಳಿಕೊಂಡು ನೋಡಿದ್ದೇನೆ.

ಮೊದಲನೆಯದು: ಕೌದಿ ಪ್ರೀತಿಯ ವಸ್ತು, ಅದಕ್ಕೆ ಗಂಟೆಯ ಲೆಕ್ಕ ಹಚ್ಚಬಾರದು ಎಂಬುದು. ನಮ್ಮ ಅವ್ವನೂ ಮೊದಲು, "ಕೌದಿ ಮಾರೂದಂದ್ರೇನವಾ!" ಎಂದು ಹುಬ್ಬೇರಿಸಿದ್ದಳು. ಆಮೇಲೆ ಒಂದು ದಿನ ಅವಳೇ ನೆನಪು ಮಾಡಿಕೊಂಡಳು. ಅವಳ ಊರಿಗೆ ಸುಗ್ಗಿ ಮುಗಿದ ಮೇಲೆ ಕೌದಿ ಹೊಲಿಯುವ ಹೆಂಗಸರು ಬರುತ್ತಿದ್ದರಂತೆ. ಪಡಸಾಲೆಯಲ್ಲಿ ಕುಳಿತು ಎರಡು ಮೂರು ದಿನ ಹೊಲಿದು, ಜೋಳ, ಹಳೆಯ ಬಟ್ಟೆ, ಒಂದಿಷ್ಟು ರೊಕ್ಕ ಪಡೆದು ಹೋಗುತ್ತಿದ್ದರಂತೆ. ಎಂದರೆ ನಾವು ಅಜ್ಜಿಯ ಪ್ರೀತಿಯೆಂದು ಹೊದ್ದ ಕೌದಿಗಳಲ್ಲಿ ಕೆಲವು ಕೂಲಿಯ ಕೌದಿಗಳೇ. ಅವುಗಳ ಬೆಚ್ಚಗೆ ನಮಗೇನೂ ಕಡಿಮೆಯೆನಿಸಲಿಲ್ಲ.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡುಸೀಮೆಯಲ್ಲಿ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯ ಮಾತೂ ಇದೇ. ಅವರು ಅಂಚಿನಿಂದ ಹೊಲಿಗೆ ಹಿಡಿದು, ತುಂಡಿಗೆ ತುಂಡು ಸೇರಿಸುತ್ತ, ಸುತ್ತುಸುತ್ತಾಗಿ ನಡುವಿನತ್ತ ಬರುತ್ತಾರೆ. ನಾಲ್ಕು ಮೂಲೆಗೆ ಮಡಿಚಿದ ತ್ರಿಕೋನದ ತುಂಡುಗಳನ್ನಿಡುತ್ತಾರೆ. ಅದಕ್ಕೆ ಹೂವೆಂದೇ ಹೆಸರು. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬರಿಮೈಯದು. ಮನೆಯ ಮಕ್ಕಳಿಗಾಗಿ ಹೊಲಿಯುತ್ತಿದ್ದ ಈ ಹೆಂಗಸರು ಅಮೆರಿಕೆಯ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಪ್ರೋತ್ಸಾಹದಿಂದ 2004ರಲ್ಲಿ ಸಹಕಾರಿ ಸಂಘ ಮಾಡಿಕೊಂಡರು. ಅವರ ಕವಂದಿಗಳು ಅಮೆರಿಕೆಯ ಮ್ಯೂಜಿಯಮ್ಮುಗಳ ಗೋಡೆಗಳನ್ನೂ ಕಂಡವು. ಮಾರುವ ಕವಂದಿಗೂ ಅವರು ಮೂಲೆಯ ಹೂವನ್ನಿಡುತ್ತಾರೆ. ಬೆಲೆ ಕಟ್ಟಿದ ಮಾತ್ರಕ್ಕೆ ಪ್ರೀತಿ ಓಡಿಹೋಗುವುದಿಲ್ಲ. ಬೆಲೆ ಕಟ್ಟದೆ ಇದ್ದಾಗ ಮಾತ್ರ, ಆ ಪ್ರೀತಿಯ ಹೆಸರಿನಲ್ಲಿ ಯಾರದೋ ದುಡಿಮೆ ಪುಕ್ಕಟೆಯಾಗುತ್ತದೆ.

ಎರಡನೆಯ ಸಮಾಧಾನ ಹೆಚ್ಚು ನಯವಾದದ್ದು. ಇದು ಬಿಡುವಿನ ವೇಳೆಯ ಕೆಲಸ, ಹೊಟ್ಟೆಪಾಡು ಇದರ ಮೇಲಿಲ್ಲ, ಆದ್ದರಿಂದ ಬಂದಷ್ಟು ಲಾಭ ಎಂಬುದು. ಈ ವಾದಕ್ಕೆ ನಮ್ಮ ದೇಶದ ಇತಿಹಾಸದಲ್ಲೇ ಒಂದು ಉತ್ತರವಿದೆ. ಗಾಂಧೀಜಿಯವರು ಚರಖಾವನ್ನು ಹಳ್ಳಿಗರ ಮುಂದಿಟ್ಟದ್ದು ಬಿಡುವಿನ ವೇಳೆಯ ಉಪಕಸುಬೆಂದೇ. 1925ರಲ್ಲಿ ಅಖಿಲ ಭಾರತ ಚರಖಾ ಸಂಘ ಹುಟ್ಟಿತು. ಉಪಕಸುಬೆಂಬ ಕಾರಣದಿಂದ ನೂಲುವ ಹೆಂಗಸರಿಗೆ ಸಿಗುತ್ತಿದ್ದ ಕೂಲಿ ಅತ್ಯಲ್ಪ. ಖಾದಿಯನ್ನು ಅಗ್ಗವಾಗಿಡಬೇಕೆಂಬ ಹಟ ಬೇರೆ. ಹತ್ತು ವರ್ಷಗಳ ನಂತರ, 1935ರಲ್ಲಿ, ಗಾಂಧೀಜಿಯೇ ಇದನ್ನು ಅನ್ಯಾಯವೆಂದು ಕಂಡರು. ಎಂಟು ಗಂಟೆ ನೂತವರಿಗೆ ಎಂಟಾಣೆ ಸಿಗಬೇಕೆಂಬುದು ಅವರ ಆಶಯ. ಸಂಘ ಅಷ್ಟು ದೂರ ಹೋಗಲಾರದೆ ಅದಕ್ಕಿಂತ ಕಡಿಮೆ ದರದಿಂದ ಮೊದಲು ಮಾಡಿತಾದರೂ, ಜೀವನಕ್ಕೆ ಸಾಲುವ ಕೂಲಿಯ ತತ್ತ್ವವನ್ನು ಒಪ್ಪಿಕೊಂಡಿತು. ಖಾದಿಯ ಬೆಲೆ ಏರಿತು, ಕೊಳ್ಳುವವರು ಗೊಣಗಿದರು. ಆದರೂ ಗಾಂಧೀಜಿ ಹಿಂದೆ ಸರಿಯಲಿಲ್ಲ. ತನ್ನದೇ ಚಳವಳಿಯ ಲೆಕ್ಕವನ್ನು ಹತ್ತು ವರ್ಷಗಳ ಮೇಲೆ ತಿದ್ದಿಕೊಳ್ಳುವ ಧೈರ್ಯ ಅವರಿಗಿದ್ದರೆ, ಒಂದು ಮನೆಯ ಲೆಕ್ಕ ತಿದ್ದಲು ನನಗೇನು ಅಡ್ಡಿ?

ಇನ್ನು ಬಿಡುವಿನ ಮಾತು. ನಮ್ಮ ಸರಕಾರವೇ 2024ರಲ್ಲಿ ದೇಶದ ಜನ ದಿನದ ವೇಳೆಯನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88. ಅದೂ ಮನೆಗೆಲಸಕ್ಕೆ ಕೈಹಾಕುವ ಗಂಡಸರ ಸರಾಸರಿ. ಕೈಹಾಕದವರು ಆ ಸರಾಸರಿಯಲ್ಲೇ ಇಲ್ಲ. ನನ್ನ ಬಿಡುವು ಕಚೇರಿ ಮುಗಿದೊಡನೆ ತಾನಾಗಿ ಬರುತ್ತದೆ. ಅವಳ ಬಿಡುವನ್ನು ಅವಳು ನಿದ್ರೆಯಿಂದ ಕತ್ತರಿಸಿ ತೆಗೆಯಬೇಕು.

ಅಮೆರಿಕೆಯಲ್ಲಿರುವ ನನ್ನ ಅಕ್ಕನ ಮಗಳು ಒಮ್ಮೆ ಅಲ್ಲಿಯ ಹೊಲಿಗೆಯ ಯಂತ್ರವೊಂದರ ಚಿತ್ರ ಕಳಿಸಿದ್ದಳು. ಹೆಸರು ಲಾಂಗ್‌ಆರ್ಮ್. ಉದ್ದನೆಯ ಚೌಕಟ್ಟಿನ ಮೇಲೆ ಕೌದಿಯನ್ನು ಬಿಗಿದು, ಯಂತ್ರವನ್ನೇ ಅದರ ಮೇಲೆ ಓಡಿಸುತ್ತಾರೆ. ಗಿರಾಕಿಗಳು ಮೇಲಿನ ಪದರವನ್ನು ಜೋಡಿಸಿ ಕಳಿಸಿದರೆ, ಮನೆಯಲ್ಲೇ ಈ ಯಂತ್ರವಿಟ್ಟುಕೊಂಡ ಹೆಂಗಸರು ಚದರ ಇಂಚಿಗಿಷ್ಟೆಂದು ಹಣ ಪಡೆದು ಹೊಲಿದುಕೊಡುತ್ತಾರೆ. ನನ್ನ ಹೆಂಡತಿ ಚಿತ್ರ ನೋಡಿ, "ಈ ಯಂತ್ರಕ್ಕ ಒಂದು ಖೋಲಿನೇ ಬೇಕಲ್ರೀ" ಎಂದಳು. ಬೆರಗಾದದ್ದು ಯಂತ್ರಕ್ಕಲ್ಲ, ಖೋಲಿಗೆ. ಕೆಲಸಕ್ಕೊಂದು ಜಾಗವಿದ್ದರೆ ಅದು ಕೆಲಸವೆಂದು ಮನೆಯವರಿಗೂ ತಿಳಿಯುತ್ತದೆ. ಬೆಳಗಾಗುವುದರೊಳಗೆ ಮಡಿಚಿಡಬೇಕಾದ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ.

ಲೆಕ್ಕ ಮುಗಿದ ಮೇಲೆ ನಾನು ಐನೂರು ರೂಪಾಯಿಯ ನೋಟನ್ನು ಅವಳ ಮುಂದಿಟ್ಟೆ. "ಅವತ್ತ ನಾ ಕಡಿಮಿ ಮಾಡಿಸಿದ್ದು" ಎಂದೆ. ಅವಳು ನಕ್ಕಳು. "ನಿಮ್ಮ ಪಗಾರ ಅಂದ್ರ ಮನೀದs ಅಲ್ರಿ? ಈ ಕಿಸೆದಾಗಿಂದು ಆ ಕಿಸೆಕ್ಕ. ರೊಕ್ಕ ಬ್ಯಾಡ, ರಾತ್ರಿ ಎಂಟೂವರಿಗೆ ನೆಲ ಖಾಲಿ ಮಾಡಿ ಕೊಡ್ರಿ."

ಅವಳು ನೀತಿಶಾಸ್ತ್ರ ಓದಿದವಳಲ್ಲ. ಆದರೆ ನಾನು ಗೊಂದಲಗೊಂಡದ್ದನ್ನು ಒಂದೇ ಮಾತಿನಲ್ಲಿ ಬಿಡಿಸಿದಳು. ಹೋದ ಹೊತ್ತಿನ ಸಾಲವನ್ನು ಹಣದಿಂದ ತೀರಿಸಲಾಗದು, ಹೊತ್ತಿನಿಂದಲೇ ತೀರಿಸಬೇಕು. ಈಗ ಊಟ ಎಂಟಕ್ಕೆ ಮುಗಿಯುತ್ತದೆ. ಪಾತ್ರೆ ತೊಳೆಯುವುದು, ಅವ್ವನ ಔಷಧಿ ನನ್ನ ಪಾಲು. ಮಗ ಕೋಣೆಯೊಳಗೆ ಓದುತ್ತಾನೆ. ಅವಳು ಹತ್ತೂವರೆಗೆ ಸೂಜಿ ಎತ್ತಿಡುತ್ತಾಳೆ. ಬೆಲೆಯನ್ನು 4,500ಕ್ಕೆ ಏರಿಸಿದ್ದಾಳೆ. ಇಬ್ಬರು ಗಿರಾಕಿಗಳು ತಿರುಗಿ ಬರಲಿಲ್ಲ, ಮೂವರು ಬಂದರು. ನಾಲ್ಕನೆಯವರಿಗೆ ಅವಳೇ, "ಈ ತಿಂಗಳ ಆಗೂದಿಲ್ಲ" ಎಂದಳು. ನನಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಯಿತು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮ್ಮ ಕಾಯಕದ ಅಳತೆಯದಲ್ಲವೆಂದು ತಿರುಗಿ ಕಳಿಸಿದ ಶರಣೆ ಅವಳು. ದುಡಿಮೆಗೆ ಬೆಲೆ ಬೇಕು ಎಂಬುದರ ಜೊತೆಗೇ ದುಡಿಮೆಗೆ ಮಿತಿ ಬೇಕು ಎಂಬುದನ್ನೂ ನಮ್ಮ ಮನೆಯ ಹೆಂಗಸರೇ ಮೊದಲು ಬಲ್ಲರು.

ಒಂದು ಪ್ರಶ್ನೆ ಮಾತ್ರ ಉಳಿದಿತ್ತು. ಕೊಡಲಾರದವರು ತಾಯಿಯ ಸೀರೆ ಹಿಡಿದು ಬಂದರೆ? ಮೊನ್ನೆ ಹಾಗೆಯೇ ಆಯಿತು. ನಮ್ಮ ಕಟ್ಟಡದ ಮೂರು ಮನೆಗಳಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಎರಡೇ ಸೀರೆ ತಂದಳು. ನನ್ನ ಹೆಂಡತಿ ಬರಿ ದಾರದ ದುಡ್ಡು ಪಡೆದು ಸಣ್ಣದೊಂದು ಕೌದಿ ಹೊಲಿದಳು. ಈ ಸಲ ನಾನು ಕುರ್ಚಿಯಲ್ಲಿ ಬಾಯಿ ಮುಚ್ಚಿ ಕುಳಿತಿದ್ದೆ. ಕಡಿಮೆ ಮಾಡುವ ಹಕ್ಕು ಹೊಲಿಯುವವಳದು.

ಕಚೇರಿಗೆ ಪತ್ರ ಕೊಟ್ಟೆ. ವ್ಯವಹಾರದ ಸ್ವರೂಪವೆಂಬಲ್ಲಿ "ಕೌದಿ ಹೊಲಿಗೆ" ಎಂದು ಬರೆದೆ. "ಬಿಡುವಿನ ವೇಳೆಯಲ್ಲಿ" ಎಂಬ ಮಾತು ಕರಡಿನಲ್ಲಿ ರೂಢಿಯಿಂದ ಬಂದಿತ್ತು, ಅದನ್ನು ಹೊಡೆದುಹಾಕಿದೆ. ಓದುಗರ ಮನೆಗಳಲ್ಲಿಯೂ ಹಪ್ಪಳ ಮಾಡುವವರು, ಮಕ್ಕಳಿಗೆ ಪಾಠ ಹೇಳುವವರು, ರವಿಕೆ ಹೊಲಿಯುವವರು ಇದ್ದಾರು. ನಿಮ್ಮ ಗೋಡೆಯ ಕ್ಯಾಲೆಂಡರನ್ನೂ ಒಮ್ಮೆ ನೋಡಿರೆಂದು ವಿನಂತಿ.