ಅವಮೌದರ್ಯವೂ ದೇಹದ ತೂಕವೂ

ಅಷ್ಟಮಿ-ಚತುರ್ದಶಿಗಳ ಉಪವಾಸವನ್ನೂ ದಶಲಕ್ಷಣ ಪರ್ವದ ಏಕಾಶನವನ್ನೂ ತೂಕ ಇಳಿಸುವ ಉಪಾಯವೆಂದು ಬಗೆಯುವವರುಂಟು. ಧರ್ಮವೂ ಆಯಿತು, ಆರೋಗ್ಯವೂ ಆಯಿತು ಎಂಬುದು ಅವರ ವಾದ. ಈ ವಾದ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದು ವಿಚಾರಣೀಯವಾಗಿದೆ.

ತತ್ತ್ವಾರ್ಥಸೂತ್ರವು ಹೇಳುವ ಆರು ಬಾಹ್ಯ ತಪಗಳಲ್ಲಿ ಅನಶನವು ಮೊದಲನೆಯದು, ಅವಮೌದರ್ಯವು ಎರಡನೆಯದು. ಅನಶನದಲ್ಲಿ ದೃಷ್ಟಫಲದ ಅಪೇಕ್ಷೆ ಸಲ್ಲದೆಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ತಿಳಿಸಿದ್ದಾರೆ. ಸಂಯಮಸಿದ್ಧಿ, ರಾಗದ ಉಚ್ಛೇದ, ಕರ್ಮನಾಶ ಇವು ಅದರ ಗುರಿ. ತೂಕದ ಯಂತ್ರದ ಮುಳ್ಳು ತೋರಿಸುವುದಾದರೋ ಕೇವಲ ದೃಷ್ಟಫಲ. ಆದ್ದರಿಂದ ತೂಕಕ್ಕಾಗಿಯೇ ಮಾಡಿದ ನಿರಾಹಾರವು ಚಿಕಿತ್ಸೆ ಎನಿಸೀತು, ತಪ ಎನಿಸದು.

ಚಿಕಿತ್ಸೆಯಾಗಿಯೂ ಅದು ದುರ್ಬಲವೇ. ಉಪವಾಸದ ಮೊದಲ ದಿನಗಳಲ್ಲಿ ಇಳಿಯುವ ತೂಕದಲ್ಲಿ ಹೆಚ್ಚಿನ ಪಾಲು ನೀರಿನದು. ಪಾರಣೆಯಾದ ಮೇಲೆ ಅದು ಮರಳಿ ಬರುತ್ತದೆ. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿಗಳ ಕೊರತೆ ಬೇಕು. ದಿನಕ್ಕೆ 500 ಕ್ಯಾಲೊರಿ ಕಡಿಮೆಯಾದರೆ ಮೊದಮೊದಲು ವಾರಕ್ಕೆ ಅರ್ಧ ಕಿಲೋದಷ್ಟು ಇಳಿದೀತು. ದೇಹ ಹಗುರಾದಂತೆ ಅದರ ವೆಚ್ಚವೂ ತಗ್ಗುವುದರಿಂದ ಇಳಿಕೆ ನಿಧಾನವಾಗುತ್ತದೆ. ಒಂದು ಗಂಟೆಯ ಸಾಧಾರಣ ನಡಿಗೆಗೆ ವೆಚ್ಚವಾಗುವುದು ಸುಮಾರು 200 ಕ್ಯಾಲೊರಿ. ಎರಡು ದೊಡ್ಡ ಚಮಚ ತುಪ್ಪ ಅದನ್ನು ಮೀರಿಸುತ್ತದೆ. ಹಾಗೆಂದು ನಡಿಗೆ ವ್ಯರ್ಥವಲ್ಲ. ಆಹಾರ ತಗ್ಗಿದಾಗ ಮಾಂಸಖಂಡಗಳು ಕ್ಷಯಿಸದಂತೆ ವ್ಯಾಯಾಮವು ನೆರವಾಗುತ್ತದೆ. ಇಳಿದ ತೂಕ ಮತ್ತೆ ಏರದಂತೆಯೂ ತಡೆಯುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮುಂಜಾನೆ ಬೆಳಕು ಹರಿದ ಮೇಲೆ ನೆಲ ನೋಡಿ ನಡೆದರೆ ಜೀವದಯೆಗೂ ಚ್ಯುತಿಯಿಲ್ಲ. ಮಧುಮೇಹಕ್ಕೆ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಉಪವಾಸ ಕೈಗೊಳ್ಳಬಾರದು.

ಹೀಗೆ ದೇಹವು ಕೇಳುವುದು ನಿತ್ಯದ ಮಿತಿಯನ್ನು. ಆ ಮಿತಿಯ ಪಾಠ ಅವಮೌದರ್ಯದಲ್ಲಿ ಮೊದಲೇ ಇದೆ. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯದು 28 ತುತ್ತು ಎಂದು ಆಗಮದ ಲೆಕ್ಕ. ಅದರಲ್ಲಿ ಒಂದು ತುತ್ತು ತಗ್ಗಿಸಿದರೂ ಅದು ಅವಮೌದರ್ಯ. ಸಂಯಮದಲ್ಲಿ ಎಚ್ಚರ, ದೋಷಶಮನ, ಸಂತೋಷ, ಸುಲಭವಾದ ಸ್ವಾಧ್ಯಾಯ ಇವು ಅದರ ಪ್ರಯೋಜನಗಳು. ಉಪವಾಸದ ಮರುದಿನ ಎರಡು ದಿನದ ಊಟವನ್ನು ಒಮ್ಮೆಗೇ ಉಣ್ಣುವವನಿಗಿಂತ, ಹಸಿವು ಉಳಿದಿರುವಾಗಲೇ ಎಲೆಯಿಂದ ಏಳುವವನು ಇಚ್ಛೆಯನ್ನು ಹೆಚ್ಚು ಗೆದ್ದವನು.

ಹಾಗಾದರೆ ವ್ರತದಿಂದ ದೇಹ ಹಗುರಾದರೆ ಅದು ದೋಷವೇ? ಅಲ್ಲ. ಕಾಳಿಗಾಗಿ ಬಿತ್ತಿದವನಿಗೆ ಹುಲ್ಲೂ ದೊರೆಯುತ್ತದೆ. ಅದನ್ನು ಯಾರೂ ಗದ್ದೆಯಲ್ಲಿ ಬಿಟ್ಟು ಬರುವುದಿಲ್ಲ. ಆದರೆ ಹುಲ್ಲಿಗಾಗಿಯೇ ಗದ್ದೆ ಉಳುವ ರೈತನು, ಹುಲ್ಲು ಕಡಿಮೆ ಬಂದ ವರ್ಷ ಉಳುಮೆಯನ್ನೇ ಬಿಟ್ಟಾನು. ತೂಕಕ್ಕಾಗಿ ವ್ರತ ಹಿಡಿದವನ ಗತಿಯೂ ಅಷ್ಟೆ: ಮುಳ್ಳು ಕದಲದ ತಿಂಗಳು ಅವನ ವ್ರತ ಸಡಿಲವಾಗುತ್ತದೆ.

ವೈದ್ಯರು ತೂಕ ಇಳಿಸಲು ಹೇಳಿದ ಶ್ರಾವಕನು ನಿತ್ಯದ ಊಟವನ್ನು ತಗ್ಗಿಸಲಿ, ನಿತ್ಯ ನಡೆಯಲಿ, ಅದನ್ನು ಪಥ್ಯವೆಂದೇ ಕರೆಯಲಿ. ಅದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಪರ್ವದಿನ ಬಂದಾಗ ಆ ಲೆಕ್ಕವನ್ನು ಬದಿಗಿಟ್ಟು ಜಿನಮಂದಿರಕ್ಕೆ ಹೋಗಲಿ. ತೂಕ ಒಂದು ತೊಲೆಯೂ ಇಳಿಯದಿದ್ದರೂ ಮುಂದಿನ ಚತುರ್ದಶಿಗೆ ಅದೇ ಶ್ರದ್ಧೆ ಉಳಿದಿದ್ದರೆ, ಆ ಉಪವಾಸವನ್ನು ನಿಸ್ಸಂಶಯವಾಗಿ ತಪವೆನ್ನಬಹುದು.